ಕೆಂಗೇರಿಯ ನಿರ್ಮಲಾಶ್ರಮ: ಮೂರು ವರ್ಷ ಬಾಳಿದ ಬೆನೆಡಿಕ್ಟೈನ್ ಮಠ ಮತ್ತು ಅದರ ಮುಂದುವರಿಕೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸಿಗುವ ಕೆಂಗೇರಿ, ಭಾರತದ ಕ್ರೈಸ್ತ ಸನ್ಯಾಸ ಜೀವನದ ಇತಿಹಾಸದಲ್ಲಿ ಒಂದು ಮುಖ್ಯ ನಿಲ್ದಾಣ. 1955ರಲ್ಲಿ ಇಂಗ್ಲೆಂಡಿನಿಂದ ಬಂದ ಬೆನೆಡಿಕ್ಟೈನ್ ಸನ್ಯಾಸಿ ಫಾದರ್ ಬೀಡ್ ಗ್ರಿಫಿತ್ಸ್ ಮತ್ತು ಭಾರತೀಯರೇ ಆದ ಫಾದರ್ ಬೆನೆಡಿಕ್ಟ್ ಆಲಪ್ಪಾಟ್ ಇಲ್ಲಿ 'ನಿರ್ಮಲಾಶ್ರಮ' ಎಂಬ ಮಠವನ್ನು ಆರಂಭಿಸಿದರು. 1958ರಲ್ಲಿ ಫಾದರ್ ಬೀಡ್ ಇಲ್ಲಿಂದ ಹೊರಟುಹೋದರು, ಮಠದ ಕಥೆ ಅಲ್ಲಿಗೆ ಮುಗಿಯಿತು. ಆದರೆ ಬೆನೆಡಿಕ್ಟೈನ್ ಜೀವನ ಕೆಂಗೇರಿಯನ್ನು ಬಿಟ್ಟುಹೋಗಲಿಲ್ಲ. ಆಶೀರ್ವನಂ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೇ ಪರಿಸರದಲ್ಲಿ ನಡೆಯುತ್ತಿದೆ. ನಿರ್ಮಲಾಶ್ರಮ ಏಕೆ ಆರಂಭವಾಯಿತು, ಏಕೆ ನಿಂತಿತು, ಅದರಿಂದ ಏನು ಉಳಿಯಿತು ಎಂಬುದರ ಪರಿಚಯ ಈ ಲೇಖನದಲ್ಲಿದೆ.

ಗೋಡೆಗಳು ಉಳಿಯುವ ಮಠ, ಉಳಿಯದ ಮಠ

ಯುರೋಪಿನಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳು ಬಿಟ್ಟುಹೋದ ಮಠಗಳು ನೂರಾರಿವೆ. ಫ್ರಾನ್ಸಿನ ಮೋಂ ಸೇಂ ಮಿಶೆಲ್ ಮಠ ಕ್ರಾಂತಿಯ ನಂತರ ಸೆರೆಮನೆಯಾಗಿ 1863ರವರೆಗೆ ಹಾಗೆಯೇ ಇತ್ತು. ಈಗ ಲೋಕಪ್ರಸಿದ್ಧ ಪ್ರವಾಸಿ ತಾಣ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಮಠ 1805ರಲ್ಲಿ ರದ್ದಾಯಿತು. ಅಲ್ಲಿನ ಗ್ರಂಥಾಲಯ ಮತ್ತು ಕಟ್ಟಡಗಳು ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಸಹ 1540ರವರೆಗೆ ಬೆನೆಡಿಕ್ಟೈನ್ ಮಠವೇ ಆಗಿತ್ತು. ಅಲ್ಲೆಲ್ಲಾ ಮಠ ಹೋದರೂ ಕಲ್ಲು ಉಳಿದಿದೆ.

ಕೆಂಗೇರಿಯ ವಿಷಯ ಬೇರೆ. ಇಲ್ಲಿ ಗೋಪುರವಿಲ್ಲ, ಶತಮಾನಗಳ ಇತಿಹಾಸವಿಲ್ಲ. ಉಳಿದದ್ದು ಒಂದು ಪ್ರಶ್ನೆ: ಕ್ರೈಸ್ತ ಮಠವೊಂದು ನಮ್ಮ ನೆಲದಲ್ಲಿ ಬೇರೂರಬೇಕಾದರೆ ಅದರ ಊಟ, ಉಡುಪು, ಭಾಷೆ, ಪ್ರಾರ್ಥನೆ ಹೇಗಿರಬೇಕು?

ಕನ್ನಡಿಗರಿಗೆ ಮಠ ಎಂದರೆ

ಕನ್ನಡ ನಾಡಿನಲ್ಲಿ ಮಠ, ಆಶ್ರಮ ಎಂಬ ಮಾತುಗಳನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಉದಾಹರಣೆಗೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೇ ಸೇರಿದ ತುಮಕೂರು ಜಿಲ್ಲೆಯನ್ನು ನೋಡಬಹುದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲೂಕುಗಳು ಬರ ಕಂಡ ಊರುಗಳು. ಇಲ್ಲಿಯ ಜನರಿಗೆ ಮಠ ಎಂದೊಡನೆ ಮೊದಲು ನೆನಪಿಗೆ ಬರುವುದು ತುಮಕೂರಿನ ಸಿದ್ಧಗಂಗೆ. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದಿಂದ ಹೆಸರಾದ ಆ ಮಠವನ್ನು 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮೀಜಿಯವರು ದಶಕಗಳ ಕಾಲ ನಡೆಸಿದರು. ಕೊರಟಗೆರೆಯ ಸಿದ್ಧರಬೆಟ್ಟ ಗುಹೆ, ಗಿಡಮೂಲಿಕೆ ಮತ್ತು ತಪಸ್ಸಿನ ನೆನಪಿನ ತಾಣ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಬಡ ರೋಗಿಗಳ ಚಿಕಿತ್ಸೆಗೆ ಹೆಸರಾದದ್ದು.

ಹೀಗಾಗಿ ಮಠದವರು ನೆಲದ ಮೇಲೆ ಕೂತು ಉಣ್ಣುತ್ತಾರೆ, ಬಂದವರಿಗೆ ಉಣಬಡಿಸುತ್ತಾರೆ, ಕಾವಿ ಉಡುತ್ತಾರೆ, ಜನರ ಭಾಷೆಯಲ್ಲೇ ಮಾತನಾಡುತ್ತಾರೆ ಎಂಬುದು ನಮ್ಮ ಜನರ ಸಹಜ ನಿರೀಕ್ಷೆ. ವಿದೇಶದಿಂದ ಬಂದ ಸನ್ಯಾಸ ಸಭೆಯೊಂದು ಇಲ್ಲಿ ನೆಲೆಸುವಾಗ, ತಿಳಿದೋ ತಿಳಿಯದೆಯೋ, ಈ ಅಳತೆಗೋಲಿನ ಮುಂದೆ ನಿಲ್ಲಬೇಕಾಗುತ್ತದೆ.

ಸಂತ ಬೆನೆಡಿಕ್ಟರ ನಿಯಮ

ಸಂತ ಬೆನೆಡಿಕ್ಟರು ಸುಮಾರು ಕ್ರಿ.ಶ. 480ರಲ್ಲಿ ಇಟಲಿಯ ನುರ್ಸಿಯಾ ಎಂಬಲ್ಲಿ ಹುಟ್ಟಿದರು. ರೋಮ್ ನಗರದ ವಿದ್ಯಾಭ್ಯಾಸವನ್ನು ತೊರೆದು ಸುಬಿಯಾಕೋದ ಗುಹೆಯೊಂದರಲ್ಲಿ ಏಕಾಂತವಾಗಿ ಬಾಳಿದರು. ಸುಮಾರು 529ರಲ್ಲಿ ಮೊಂತೆ ಕಸ್ಸಿನೋ ಬೆಟ್ಟದ ಮೇಲೆ ಮಠ ಕಟ್ಟಿದರು. ಅಲ್ಲಿ ಅವರು ಬರೆದ ನಿಯಮ ಗ್ರಂಥದಲ್ಲಿ 73 ಅಧ್ಯಾಯಗಳಿವೆ. 1964ರಲ್ಲಿ ಪೋಪ್ ಆರನೇ ಪಾವ್ಲರು ಅವರನ್ನು ಯುರೋಪಿನ ಪಾಲಕ ಸಂತರೆಂದು ಘೋಷಿಸಿದರು. ಜುಲೈ 11 ಅವರ ಹಬ್ಬದ ದಿನ. ಮಾರ್ಚ್ 21 ಅವರ ಮರಣದ ಸ್ಮರಣೆಯ ದಿನ.

ಈ ನಿಯಮ ಗ್ರಂಥ ಕಠಿಣ ತಪಸ್ಸಿನ ಪುಸ್ತಕವಲ್ಲ. ಒಂದು ಮನೆಯಲ್ಲಿ ಹಲವರು ಜೊತೆಯಾಗಿ ಬಾಳಿ ದೇವರನ್ನು ಅರಸುವ ಕ್ರಮ ಅದರಲ್ಲಿದೆ. ದಿನಕ್ಕೆ ಹಲವು ಸಲ ಕೀರ್ತನೆಗಳ ಪ್ರಾರ್ಥನೆ, ನಡುವೆ ಕೈಕೆಲಸ, ಧರ್ಮಗ್ರಂಥದ ಓದು. ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ರೋಗಿಗಳಲ್ಲದವರು ತಿನ್ನಬಾರದು. ಬಂದ ಅತಿಥಿಯನ್ನು ಕ್ರಿಸ್ತರನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕು. ನೀರು, ಬೀಸುವ ಗಿರಣಿ, ತೋಟ ಎಲ್ಲವೂ ಸಾಧ್ಯವಾದಷ್ಟು ಮಠದ ಆವರಣದೊಳಗೇ ಇರಬೇಕು. ಮಠದ ಮುಖ್ಯ ವಿಷಯಗಳಲ್ಲಿ ಮಠಾಧಿಪತಿ ಎಲ್ಲರನ್ನೂ ಕೇಳಬೇಕು, ಏಕೆಂದರೆ ಎಷ್ಟೋ ಸಲ ಕಿರಿಯನಿಗೇ ದೇವರು ಒಳ್ಳೆಯದನ್ನು ತಿಳಿಸುತ್ತಾರೆ.

ನಮ್ಮ ವಿಷಯಕ್ಕೆ ಇದರಲ್ಲಿ ಎರಡು ಸಂಗತಿಗಳು ಮುಖ್ಯ. ಒಂದು, ಉಡುಪಿನ ಬಗ್ಗೆ ಹೇಳುವಾಗ ಸಂತ ಬೆನೆಡಿಕ್ಟರು ಆಯಾ ಊರಿನ ಹವಾಮಾನಕ್ಕೆ ತಕ್ಕಂತೆ, ಆ ಊರಿನಲ್ಲಿ ಸುಲಭ ಬೆಲೆಗೆ ಸಿಗುವ ಬಟ್ಟೆ ಸಾಕು ಎಂದಿದ್ದಾರೆ. ಎರಡು, ದೂರದಿಂದ ಬಂದ ಪರದೇಶಿ ಸನ್ಯಾಸಿ ಮಠದ ನಡೆನುಡಿಯಲ್ಲಿ ಏನಾದರೂ ಕೊರತೆಯನ್ನು ವಿನಯದಿಂದ ತೋರಿಸಿದರೆ, ದೇವರು ಅವನನ್ನು ಅದಕ್ಕಾಗಿಯೇ ಕಳುಹಿಸಿರಬಹುದೇ ಎಂದು ಮಠಾಧಿಪತಿ ಯೋಚಿಸಬೇಕು. ಅಂದರೆ ಊರಿಗೆ ತಕ್ಕಂತೆ ಬದಲಾಗುವುದು ನಿಯಮದ ಉಲ್ಲಂಘನೆಯಲ್ಲ, ನಿಯಮದೊಳಗೇ ಅದಕ್ಕೆ ಜಾಗವಿದೆ.

ಜೊತೆಗೆ ಬೆನೆಡಿಕ್ಟೈನರು ಸ್ಥಿರತೆಯ ವ್ರತವನ್ನೂ ಕೈಗೊಳ್ಳುತ್ತಾರೆ. ತಾನು ಸೇರಿದ ಮಠದ ಸಮುದಾಯದಲ್ಲಿಯೇ ಜೀವನಪೂರ್ತಿ ಇರುವೆನೆಂಬ ಮಾತು ಅದು. ಕೆಂಗೇರಿಯ ಕಥೆಯಲ್ಲಿ ಈ ವ್ರತವೂ ಪರೀಕ್ಷೆಗೆ ಒಳಗಾಯಿತು.

ಕೆಂಗೇರಿಗಿಂತ ಮೊದಲು

ಕ್ರೈಸ್ತ ಸನ್ಯಾಸವನ್ನು ಭಾರತದ ರೀತಿಯಲ್ಲಿ ಬಾಳುವ ಯತ್ನ ಫಾದರ್ ಬೀಡ್ ಅವರಿಂದ ಆರಂಭವಾದುದಲ್ಲ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು 1899ರಲ್ಲಿ ಜಬಲ್ಪುರದ ಬಳಿ ನರ್ಮದಾ ತೀರದಲ್ಲಿ ಕಥೋಲಿಕ ಮಠವೊಂದನ್ನು ಆರಂಭಿಸಿದರು. ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆ ದೊರೆಯದೆ ಅದು ಬೇಗನೆ ನಿಂತುಹೋಯಿತು. 1921ರಲ್ಲಿ ತಮಿಳುನಾಡಿನ ತಿರುಪತ್ತೂರಿನಲ್ಲಿ ಪ್ರೊಟೆಸ್ಟೆಂಟ್ ಸಭೆಗಳಿಗೆ ಸೇರಿದ ಇಬ್ಬರು ವೈದ್ಯರು ಕ್ರಿಸ್ತಕುಲ ಆಶ್ರಮವನ್ನು ಕಟ್ಟಿದರು.

ಬೆನೆಡಿಕ್ಟೈನರ ಯತ್ನ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಆರಂಭವಾಯಿತು. ಬೆಲ್ಜಿಯಂ ದೇಶದ ಬ್ರೂಜ್ ಬಳಿಯ ಸಂತ ಅಂದ್ರೆಯರ ಮಠದ ಸಂಬಂಧದಿಂದ 1947ರಲ್ಲಿ ಸೇಲಂ ಪ್ರದೇಶದಲ್ಲಿ 'ಸಿಲುವೈಗಿರಿ' ಎಂಬ ಮಠ ಹುಟ್ಟಿತು. ತಮಿಳಿನಲ್ಲಿ ಈ ಹೆಸರಿಗೆ ಶಿಲುಬೆಯ ಬೆಟ್ಟ ಎಂದರ್ಥ. 1950ರ ಮಾರ್ಚ್ 21ರಂದು, ಸಂತ ಬೆನೆಡಿಕ್ಟರ ಸ್ಮರಣೆಯ ದಿನದಂದೇ, ಫ್ರಾನ್ಸಿನ ಫಾದರ್ ಜೂಲ್ಸ್ ಮೋನ್ಶನೆನ್ ಮತ್ತು ಬೆನೆಡಿಕ್ಟೈನ್ ಸನ್ಯಾಸಿ ಹೆನ್ರಿ ಲೆ ಸೋ ಅವರು ಕುಳಿತಲೈ ಬಳಿ ಕಾವೇರಿ ತೀರದಲ್ಲಿ ಸಚ್ಚಿದಾನಂದ ಆಶ್ರಮವನ್ನು ಆರಂಭಿಸಿದರು. ಜನ ಅದನ್ನು ಶಾಂತಿವನ ಎಂದು ಕರೆದರು. ಲೆ ಸೋ ಅವರು ಸ್ವಾಮಿ ಅಭಿಷಿಕ್ತಾನಂದ ಎಂಬ ಹೆಸರಿನಿಂದ ಪ್ರಸಿದ್ಧರಾದರು.

ಫಾದರ್ ಬೀಡ್ ಗ್ರಿಫಿತ್ಸ್

ಅಲನ್ ರಿಚರ್ಡ್ ಗ್ರಿಫಿತ್ಸ್ 1906ರ ಡಿಸೆಂಬರ್ 17ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಓದುವಾಗ ಪ್ರಸಿದ್ಧ ಲೇಖಕ ಸಿ.ಎಸ್. ಲೂಯಿಸ್ ಅವರ ಗುರುಗಳಾಗಿದ್ದರು. ಮುಂದೆ ಇಬ್ಬರೂ ಸ್ನೇಹಿತರಾದರು. ಓದು ಮುಗಿದ ಮೇಲೆ ಇಬ್ಬರು ಗೆಳೆಯರೊಡನೆ ಹಳ್ಳಿಯೊಂದರ ಗುಡಿಸಲಿನಂತಹ ಮನೆಯಲ್ಲಿ, ಯಂತ್ರಗಳ ಸೌಕರ್ಯಗಳನ್ನು ತೊರೆದು, ಹಸು ಸಾಕಿ ಹಾಲು ಮಾರಿ ಕೆಲಕಾಲ ಬಾಳಿದರು. ಬೈಬಲ್ ಓದು ಅವರನ್ನು ಕಥೋಲಿಕ ಸಭೆಯತ್ತ ತಂದಿತು. ಗ್ಲಾಸ್ಟರ್‌ಶೈರಿನ ಪ್ರಿಂಕ್ನಾಶ್ ಬೆನೆಡಿಕ್ಟೈನ್ ಮಠವನ್ನು ಸೇರಿ ಬೀಡ್ ಎಂಬ ಹೆಸರು ಪಡೆದರು. 1940ರಲ್ಲಿ ಗುರುದೀಕ್ಷೆಯಾಯಿತು. 1947ರಲ್ಲಿ ಫಾರ್ನ್‌ಬರೋ ಮಠದ ಮುಖ್ಯಸ್ಥರಾದರು, ಬಳಿಕ ಸ್ಕಾಟ್ಲೆಂಡಿನ ಪ್ಲಸ್ಕಾರ್ಡನ್ ಮಠಕ್ಕೆ ಹೋದರು. 1954ರಲ್ಲಿ ಅವರ ಆತ್ಮಕಥೆ 'ದ ಗೋಲ್ಡನ್ ಸ್ಟ್ರಿಂಗ್' ಪ್ರಕಟವಾಯಿತು.

ಪಶ್ಚಿಮದ ಕ್ರೈಸ್ತ ಜೀವನದಲ್ಲಿ ಬುದ್ಧಿ ಮತ್ತು ವ್ಯವಸ್ಥೆಗೆ ಹೆಚ್ಚು ಜಾಗ ಸಿಕ್ಕಿದೆ, ಧ್ಯಾನ ಮತ್ತು ಅಂತರಂಗದ ಅರಿವಿಗೆ ಕಡಿಮೆ ಸಿಕ್ಕಿದೆ ಎಂಬ ಕೊರಗು ಅವರಲ್ಲಿತ್ತು. ಆ ಇನ್ನೊಂದು ಅರ್ಧ ಭಾರತದಲ್ಲಿ ಸಿಗಬಹುದೆಂದು ಅವರು ನಂಬಿದ್ದರು. ಭಾರತದಲ್ಲಿ ಬೆನೆಡಿಕ್ಟೈನ್ ಮಠ ಕಟ್ಟಬೇಕೆಂದು ಹಂಬಲಿಸುತ್ತಿದ್ದ ಫಾದರ್ ಆಲಪ್ಪಾಟ್ ಅವರ ಭೇಟಿ ಈ ನಂಬಿಕೆಗೆ ದಾರಿ ತೋರಿಸಿತು.

ಮಠಾಧಿಪತಿಗಳು ಮೊದಲು ಅನುಮತಿ ಕೊಡಲಿಲ್ಲ. ನಂತರ ಒಂದು ಷರತ್ತಿನ ಮೇಲೆ ಒಪ್ಪಿದರು. ಅವರು ಪ್ರಿಂಕ್ನಾಶ್ ಮಠದ ಶಾಖೆಯನ್ನು ಕಟ್ಟಲು ಹೋಗುವುದಲ್ಲ. ಭಾರತದಲ್ಲಿ ಸ್ಥಳೀಯ ಧರ್ಮಾಧ್ಯಕ್ಷರ ಅಧೀನದಲ್ಲಿ ಇರಬೇಕು. ಈ ಷರತ್ತಿನ ತೂಕ ದೊಡ್ಡದು. ಸಾಮಾನ್ಯವಾಗಿ ಹೊಸ ಬೆನೆಡಿಕ್ಟೈನ್ ಮಠ ಹುಟ್ಟುವಾಗ ಅದರ ಹಿಂದೆ ಒಂದು ತಾಯಿಮಠ ನಿಂತಿರುತ್ತದೆ. ಸನ್ಯಾಸಿಗಳನ್ನು, ಹಣವನ್ನು, ತರಬೇತಿಯನ್ನು ಅದೇ ಒದಗಿಸುತ್ತದೆ. ಕೆಂಗೇರಿಗೆ ಬಂದವರಿಗೆ ಅಂತಹ ಆಸರೆ ಇರಲಿಲ್ಲ.

ಕೆಂಗೇರಿಯಲ್ಲಿ ಮೂರು ವರ್ಷ

1955ರಲ್ಲಿ ಇಬ್ಬರೂ ಹಡಗಿನಲ್ಲಿ ಭಾರತಕ್ಕೆ ಬಂದರು. ಬೆಂಗಳೂರು ಧರ್ಮಪ್ರಾಂತ್ಯ ಅದಕ್ಕೆ ಎರಡು ವರ್ಷ ಮೊದಲು, 1953ರಲ್ಲಿ, ಮಹಾಧರ್ಮಪ್ರಾಂತ್ಯವಾಗಿತ್ತು. ತೋಮಸ್ ಪೋತಕಮೂರಿಯವರು ಅದರ ಮಹಾಧರ್ಮಾಧ್ಯಕ್ಷರಾಗಿದ್ದರು. ಆಗ ನಗರದಿಂದ ಹೊರಗಿದ್ದ ಕೆಂಗೇರಿಯಲ್ಲಿ ಜಮೀನು ಕೊಂಡು ನಿರ್ಮಲಾಶ್ರಮ ಆರಂಭಿಸಲಾಯಿತು. ಭಾರತವನ್ನು ಅದರ ಗ್ರಂಥಗಳಿಂದ ಅರಿಯಬೇಕೆಂದು ಫಾದರ್ ಬೀಡ್ ಸಂಸ್ಕೃತ ಕಲಿಯಲು ತೊಡಗಿದರು.

ಮಠದ ಜೀವನ ಯುರೋಪಿನ ಲೆಕ್ಕದಲ್ಲಿ ತೀರಾ ಸರಳ. ಆದರೆ ಸುತ್ತಲಿನ ಹಳ್ಳಿಯವರ ಲೆಕ್ಕದಲ್ಲಿ ಅದು ಸರಳವಾಗಿರಲಿಲ್ಲ. ಮೇಜು, ಕುರ್ಚಿ, ಮಂಚ ಇರುವ ಮನೆ ಆ ದಿನಗಳ ರೈತನ ಕಣ್ಣಿಗೆ ಅನುಕೂಲಸ್ಥರ ಮನೆ. ಆಗಿನ ರೋಮನ್ ಪದ್ಧತಿಯ ಪವಿತ್ರ ಬಲಿಪೂಜೆಯ ಭಾಷೆ ಲ್ಯಾಟಿನ್. ಬಡತನದ ವ್ರತ ತೊಟ್ಟವರು ನೆರೆಯವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದರೆ ಆ ವ್ರತಕ್ಕೆ ಅರ್ಥವೇನು? ಮೌನ ಮತ್ತು ಪ್ರಾರ್ಥನೆಯ ಮನೆ ಊರಿನವರಿಗೆ ಮಠವಾಗಿ ಕಾಣದೆ ವಿದೇಶಿ ಫಾದರುಗಳ ಬಂಗಲೆಯಾಗಿ ಕಂಡರೆ ಅದು ಸಾಕ್ಷಿಯಾಗುವುದು ಹೇಗೆ?

1958ರಲ್ಲಿ ಫಾದರ್ ಬೀಡ್ ಕೆಂಗೇರಿ ಬಿಟ್ಟರು. ಅಲ್ಲಿಯ ಜೀವನ ಭಾರತೀಯ ಬದುಕಿನಿಂದ ತೀರಾ ದೂರವಾಗಿತ್ತು ಎಂಬುದೇ ಅದಕ್ಕೆ ಅವರು ಕೊಟ್ಟ ಕಾರಣ. ಈ ಮಾತಿನಲ್ಲಿ ಇತರರ ಮೇಲೆ ಹೊರಿಸಿದ ದೂರು ಇಲ್ಲ; ತಾವೇ ಕಟ್ಟಿದ ಮನೆಯನ್ನು ಕುರಿತು ಅವರು ಕೊಟ್ಟ ತೀರ್ಪು ಅದು.

ಕುರಿಶುಮಲ ಮತ್ತು ಶಾಂತಿವನ

ಅದೇ 1958ರಲ್ಲಿ ಕೇರಳದ ವಾಗಮಣ್ ಬಳಿಯ ಬೆಟ್ಟದ ಮೇಲೆ ಕುರಿಶುಮಲ ಆಶ್ರಮ ನೆಲೆಗೊಂಡಿತು. ಬೆಲ್ಜಿಯಂನ ಸಿಸ್ಟರ್ಸಿಯನ್ ಸನ್ಯಾಸಿ ಫ್ರಾನ್ಸಿಸ್ ಮಹಿಯೂ, ಅಂದರೆ ಮುಂದೆ ಫ್ರಾನ್ಸಿಸ್ ಆಚಾರ್ಯ ಎಂದು ಹೆಸರಾದವರು, ಅದರ ಸ್ಥಾಪಕರು. ಸಿಸ್ಟರ್ಸಿಯನ್ನರು ಅನುಸರಿಸುವುದೂ ಸಂತ ಬೆನೆಡಿಕ್ಟರ ನಿಯಮವನ್ನೇ. ಫಾದರ್ ಬೀಡ್ ಅಲ್ಲಿ ಅವರ ಜೊತೆಗೂಡಿ ದಯಾನಂದ ಎಂಬ ಹೆಸರು ಪಡೆದರು. ಕೆಂಗೇರಿಯಲ್ಲಿ ಆಗದೇ ಉಳಿದದ್ದು ಇಲ್ಲಿ ಆಯಿತು. ಕಾವಿ ಉಡುಪು, ಬರಿಗಾಲು, ನೆಲದ ಮೇಲೆ ಊಟ, ಚಾಪೆಯ ಮೇಲೆ ನಿದ್ದೆ, ಕೇರಳದ ಕ್ರೈಸ್ತರಿಗೆ ಪರಂಪರೆಯಿಂದ ಬಂದ ಸಿರಿಯನ್ ಪದ್ಧತಿಯ ಆರಾಧನೆ. ಆಶ್ರಮ ಹಸು ಸಾಕಣೆಯನ್ನೂ ಬೆಳೆಸಿತು. ಸುತ್ತಲಿನ ರೈತರಿಗೆ ಹೈನುಗಾರಿಕೆ ಆದಾಯದ ದಾರಿಯಾಯಿತು. ಕುರಿಶುಮಲ 1998ರಲ್ಲಿ ಸಿಸ್ಟರ್ಸಿಯನ್ ಸಭೆಗೆ ಸೇರಿತು. ಫ್ರಾನ್ಸಿಸ್ ಆಚಾರ್ಯರು 2002ರಲ್ಲಿ ನಿಧನರಾದರು.

1957ರಲ್ಲಿ ಫಾದರ್ ಮೋನ್ಶನೆನ್ ತೀರಿಕೊಂಡಿದ್ದರು. ಸ್ವಾಮಿ ಅಭಿಷಿಕ್ತಾನಂದರು ಹಿಮಾಲಯದ ಉತ್ತರಕಾಶಿಯತ್ತ ಹೊರಟಾಗ, 1968ರಲ್ಲಿ ಫಾದರ್ ಬೀಡ್ ಶಾಂತಿವನದ ಹೊಣೆ ಹೊತ್ತರು. ಎಂಬತ್ತರ ದಶಕದ ಆರಂಭದಲ್ಲಿ ಆ ಆಶ್ರಮ ಇಟಲಿಯ ಕಮಾಲ್ಡೊಲಿ ಮೂಲದ ಬೆನೆಡಿಕ್ಟೈನ್ ಸಭೆಗೆ ಸೇರಿತು. ಕೆಂಗೇರಿಯಲ್ಲಿ ತಾಯಿಮಠದ ಆಸರೆಯಿಲ್ಲದೆ ಆರಂಭವಾದ ಪಯಣ ಹೀಗೆ ಕಾಲು ಶತಮಾನದ ನಂತರ ಮತ್ತೆ ಬೆನೆಡಿಕ್ಟೈನ್ ಕುಟುಂಬದೊಳಗೆ ಬಂದು ನಿಂತಿತು. ಫಾದರ್ ಬೀಡ್ 1993ರ ಮೇ 13ರಂದು ಶಾಂತಿವನದಲ್ಲಿಯೇ ಕಣ್ಣುಮುಚ್ಚಿದರು.

ಕೆಂಗೇರಿಯಲ್ಲಿ ಉಳಿದದ್ದು: ಆಶೀರ್ವನಂ

ಫಾದರ್ ಬೀಡ್ ಕೆಂಗೇರಿಯಲ್ಲಿದ್ದ ದಶಕದಲ್ಲೇ ಸಿಲುವೈಗಿರಿಯ ಬೆನೆಡಿಕ್ಟೈನ್ ಸಮುದಾಯ ಸೇಲಂ ಪ್ರದೇಶವನ್ನು ಬಿಟ್ಟು ಕೆಂಗೇರಿಯ ಪರಿಸರಕ್ಕೆ ಬಂತು. ಹೊಸ ಮನೆಗೆ ಆಶೀರ್ವಾದದ ವನ ಎಂಬ ಅರ್ಥದಲ್ಲಿ ಆಶೀರ್ವನಂ ಎಂದು ಹೆಸರಿಟ್ಟರು. ಮೈಸೂರು ರಸ್ತೆಯ ಕುಂಬಳಗೋಡು ಬಳಿ ಇರುವ ಈ ಮಠ ಬೆನೆಡಿಕ್ಟೈನರ ದೂತವಾರ್ತೆಯ ಒಕ್ಕೂಟಕ್ಕೆ ಸೇರಿದೆ.

ಎರಡು ಮನೆಗಳ ನಡುವಿನ ಅಂತರವನ್ನು ಗಮನಿಸಬೇಕು. ನಿರ್ಮಲಾಶ್ರಮ ಇಬ್ಬರ ಕನಸಿನಿಂದ ಹುಟ್ಟಿತು. ಆಶೀರ್ವನಂ ಹಿಂದೆ ಒಂದು ಸಮುದಾಯ ಮತ್ತು ಒಂದು ತಾಯಿಮಠ ಇದ್ದವು. ಒಬ್ಬರು ಹೋದರೂ ಇನ್ನೊಬ್ಬರು ಪ್ರಾರ್ಥನೆಯನ್ನು ಮುಂದುವರಿಸುವ ವ್ಯವಸ್ಥೆ ಅಲ್ಲಿತ್ತು. ಬೆನೆಡಿಕ್ಟೈನ್ ಮಠ ಬಾಳಿಕೆ ಬರುವುದು ಒಬ್ಬ ದೊಡ್ಡ ವ್ಯಕ್ತಿಯಿಂದಲ್ಲ, ದಿನದಿನವೂ ಒಂದೇ ಹೊತ್ತಿಗೆ ಗಂಟೆ ಹೊಡೆಯುವವರಿಂದ. ಇದು ಫಾದರ್ ಬೀಡ್ ಅವರ ಹಿರಿಮೆಯನ್ನು ತಗ್ಗಿಸುವ ಮಾತಲ್ಲ. ಅವರು ಎತ್ತಿದ ಪ್ರಶ್ನೆ ಮತ್ತು ಇವರು ಉಳಿಸಿಕೊಂಡ ಸ್ಥಿರತೆ, ಎರಡೂ ಬೇಕಾದವೇ.

ಬದಲಾದ ಧರ್ಮಸಭೆ

ಕೆಂಗೇರಿಯ ಯತ್ನ ನಡೆದದ್ದು ಎರಡನೇ ವ್ಯಾಟಿಕನ್ ಮಹಾಸಭೆಗಿಂತ ಮೊದಲು. 1962ರಿಂದ 1965ರವರೆಗೆ ನಡೆದ ಆ ಸಭೆ ಜನರ ಭಾಷೆಯಲ್ಲಿ ಆರಾಧನೆಗೆ ದಾರಿ ಮಾಡಿತು. 1965ರ ಅಕ್ಟೋಬರ್ 28ರಂದು ಇತರ ಧರ್ಮಗಳಲ್ಲಿರುವ ಸತ್ಯ ಮತ್ತು ಪವಿತ್ರತೆಯನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಸಾರುವ ಘೋಷಣೆಯನ್ನು ಹೊರಡಿಸಿತು. 1969ರ ಏಪ್ರಿಲಿನಲ್ಲಿ ಭಾರತದ ಬಲಿಪೂಜೆಗೆ ಸಂಬಂಧಿಸಿದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಪಾದರಕ್ಷೆ ಬಿಡುವುದು, ಆರತಿ, ಕೈಮುಗಿದು ನಮಸ್ಕರಿಸುವುದು ಇವೆಲ್ಲ ಹೀಗೆ ಅಧಿಕೃತವಾದವು. ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಅವರು ಈ ಕೆಲಸದ ಮುಂಚೂಣಿಯಲ್ಲಿದ್ದರು. ಮುಂದೆ ಅವರೇ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು.

ವಿರೋಧವೂ ಕಡಿಮೆ ಇರಲಿಲ್ಲ. ಕಾವಿ, ಓಂಕಾರ, ಆಶ್ರಮ ಎಂಬ ಹೆಸರು ಇವು ಮತಾಂತರದ ಹೊಸ ವೇಷ ಎಂದು ಕೆಲವು ಹಿಂದೂ ಲೇಖಕರು ಟೀಕಿಸಿದರು. ನಮ್ಮ ಚರ್ಚುಗಳಲ್ಲಿ ಇದೆಲ್ಲ ಏಕೆ ಎಂದು ಕೆಲವು ಕಥೋಲಿಕರೂ ಕೇಳಿದರು. ಎರಡೂ ಕಡೆಯವರ ಸಂಶಯಕ್ಕೆ ಬರೀ ಮಾತಿನ ಉತ್ತರ ಸಾಲದು. ಉಡುಪು ಬದಲಾದರೆ ಸಾಲದು, ಬದುಕೂ ಬದಲಾಗಬೇಕು ಎಂಬುದನ್ನು ಕೆಂಗೇರಿಯ ಅನುಭವವೇ ಮೊದಲು ತೋರಿಸಿತ್ತು.

ಇಂದಿನ ಕೆಂಗೇರಿ

1955ರಲ್ಲಿ ಊರಾಚೆಯ ಮೌನವನ್ನು ಅರಸಿ ಬಂದವರು ಇಂದಿನ ಕೆಂಗೇರಿಯನ್ನು ಗುರುತಿಸಲಾರರು. 2007ರಲ್ಲಿ ಅದು ಬೆಂಗಳೂರು ಮಹಾನಗರದೊಳಗೆ ಸೇರಿತು. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಬಂತು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕುಂಬಳಗೋಡು ಈಗ ಕಾರ್ಖಾನೆ, ಕಾಲೇಜು, ಬಡಾವಣೆಗಳ ಪ್ರದೇಶ.

ಹಾಗಾದರೆ ಮಠದ ಕೆಲಸ ಮುಗಿಯಿತೇ? ಇಲ್ಲವೆಂದೇ ಹೇಳಬೇಕು. ಮೌನ ಸುಲಭವಾಗಿ ಸಿಗುತ್ತಿದ್ದ ಊರಿನಲ್ಲಿ ಮೌನದ ಮನೆಯೊಂದು ವಿಶೇಷವಾಗಿ ಕಾಣದಿರಬಹುದು. ನಗರದ ಗದ್ದಲದ ನಡುವೆ ಅದರ ಬೆಲೆ ಜಾಸ್ತಿ. ಅತಿಥಿಯನ್ನು ಕ್ರಿಸ್ತರಂತೆ ಕಾಣಬೇಕೆಂಬ ನಿಯಮ ಇರುವ ತನಕ ಬೆನೆಡಿಕ್ಟೈನ್ ಮಠದ ಬಾಗಿಲು ಮುಚ್ಚುವಂತಿಲ್ಲ. ಧ್ಯಾನಕೂಟಕ್ಕೆ, ಏಕಾಂತ ಪ್ರಾರ್ಥನೆಗೆ ಆಶೀರ್ವನಂ ಕಡೆಗೆ ಹೋಗುವವರು ಮೊದಲೇ ಮಠದವರನ್ನು ವಿಚಾರಿಸಿ ಹೋಗುವುದು ಒಳ್ಳೆಯದು. ಅಲ್ಲಿನ ದಿನ ಪ್ರಾರ್ಥನೆಯ ಗಂಟೆಗಳಿಗೆ ತಕ್ಕಂತೆ ನಡೆಯುತ್ತದೆ, ಬಂದವರ ಅನುಕೂಲಕ್ಕೆ ತಕ್ಕಂತೆ ಅಲ್ಲ.

ನಿರ್ಮಲಾಶ್ರಮಕ್ಕೆ ನಾವು ಸೋಲು ಎಂಬ ಹೆಸರು ಕೊಡಬೇಕಾಗಿಲ್ಲ. ಮೂರು ವರ್ಷದಲ್ಲಿ ಅದು ತನ್ನ ಕೊರತೆಯನ್ನು ತಾನೇ ಕಂಡುಕೊಂಡಿತು. ಅಲ್ಲಿಂದ ಹೊರಟ ಸನ್ಯಾಸಿ ಮುಂದಿನ 35 ವರ್ಷ ಆ ಕೊರತೆಯನ್ನು ತುಂಬುವುದರಲ್ಲೇ ಕಳೆದರು. ನಮ್ಮ ಕರಾವಳಿಯಲ್ಲೂ ಹಳೆಯ ಕಾನ್ವೆಂಟು, ಗುರುಮಠ, ಧರ್ಮಭಗಿನಿಯರ ಮನೆಗಳಲ್ಲಿ ಇರುವವರ ಸಂಖ್ಯೆ ಇಳಿಯುತ್ತಿರುವ ಕಾಲವಿದು. ಕಟ್ಟಡವನ್ನು ಏನು ಮಾಡುವುದು ಎಂದು ಕೇಳುವ ಮೊದಲು, ಇದನ್ನು ಯಾವ ಬದುಕಿಗಾಗಿ ಕಟ್ಟಿದ್ದರು, ಆ ಬದುಕು ಈಗ ನೆರೆಯವರಿಗೆ ಅರ್ಥವಾಗುತ್ತಿದೆಯೇ ಎಂದು ಕೇಳಿಕೊಳ್ಳಲು ಕೆಂಗೇರಿಯ ಈ ಪುಟ್ಟ ಇತಿಹಾಸ ಸಹಾಯಕವಾಗಬಹುದು.